ಹೆಣ್ಣು ಹಳದಿಯಾಗುತ್ತದೆ, ಮರಿ ಮಾತ್ರ ಇಲ್ಲ: ಎಪಿಸ್ಟೋಗ್ರಾಮ ಕಾಕಟುವಾಯ್ಡಿಸ್

ಗಾಜಿನಮನೆ:
60×30×30 ಸೆಂ.ಮೀ. ಟ್ಯಾಂಕ್, ನೀರು ಸುಮಾರು 45 ಲೀಟರ್. ಕಾಕಟುವಾಯ್ಡಿಸ್ (ಪುಟ್ಟ ಸಿಕ್ಲಿಡ್ ಮೀನು) ಒಂದು ಗಂಡು, ಎರಡು ಹೆಣ್ಣು, ಜೊತೆಗೆ ನಾಲ್ಕು ಕೋರಿಡೋರಾಸ್ (ತಳದಲ್ಲಿ ಓಡಾಡುವ ಪುಟ್ಟ ಬೆಕ್ಕುಮೀನು). ಸ್ಪಾಂಜ್ ಫಿಲ್ಟರ್, 26 ಡಿಗ್ರಿ, ಪಿಎಚ್ 7.6, ಕೆಎಚ್ (ಆಮ್ಲವನ್ನು ತಡೆಯುವ ಕಾರ್ಬೊನೇಟ್ ಗಡಸುತನ) 6, ಜಿಎಚ್ (ನೀರಿನ ಒಟ್ಟು ಗಡಸುತನ) 10. ತಳಕ್ಕೆ ಬಿಳಿ ಕಲ್ಲು, ನಡುವೆ ಅರ್ಧ ಒಡೆದ ಮಣ್ಣಿನ ಕುಂಡ ಕವುಚಿಟ್ಟಿದೆ. ತಿನ್ನಲು ಪೆಲೆಟ್ ಮಾತ್ರ. ದೊಡ್ಡ ಹೆಣ್ಣು ಹಳದಿಗೆ ತಿರುಗಿ ಕುಂಡದ ಸುತ್ತ ಸುಳಿಯುತ್ತದೆ, ಒಂದೆರಡು ದಿನದಲ್ಲಿ ಮತ್ತೆ ಬೂದು. ಪಿಎಚ್ ಡೌನ್ (ಪಿಎಚ್ ಇಳಿಸುವ ಆಮ್ಲದ ದ್ರಾವಣ) ಹಾಕಿದರೆ ಮರುದಿನಕ್ಕೆ ಪಿಎಚ್ ಮತ್ತೆ 7.6. ಎಲ್ಲಿಂದ ಶುರು ಮಾಡಲಿ?

ಕೆಂಪುನೀರು:
ಮೊದಲು ಒಂದು ವಿಷಯ ತೀರ್ಮಾನವಾಗಲಿ: ಅದು ಮೊಟ್ಟೆ ಇಡುತ್ತಿಲ್ಲವೋ, ಇಟ್ಟು ಕಳೆದುಕೊಳ್ಳುತ್ತಿದೆಯೋ? ನಿಮ್ಮ ವಿವರ ನೋಡಿದರೆ ಎರಡನೆಯದೇ ಅನ್ನಿಸುತ್ತದೆ. ಇವು ಗುಹೆಯ ಚಾವಣಿಗೆ ಮೊಟ್ಟೆ ಅಂಟಿಸುತ್ತವೆ, ಎದುರಿನಿಂದ ಏನೂ ಕಾಣದು. ಮುಂದಿನ ಸಲ ಹಳದಿಯಾದಾಗ ಕುಂಡದ ಬಾಯಿಗೆ ಪುಟ್ಟ ಕನ್ನಡಿ ಹಿಡಿದು ಟಾರ್ಚ್ ಬಿಡಿ. ಕೆಂಗಂದು ಬಣ್ಣದ, ಬೆಳಕು ಹಾಯುವ ಕಾಳುಗಳಿದ್ದರೆ ಜೀವವಿದೆ. ಒಂದು ದಿನದಲ್ಲಿ ಸುಣ್ಣದಂತೆ ಬೆಳ್ಳಗಾದರೆ ಫಲಿಸಿಲ್ಲ ಅಥವಾ ಸತ್ತಿವೆ. ಅಂಥವನ್ನು ತಾಯಿಯೇ ತಿಂದು ಮುಗಿಸುತ್ತದೆ, ಆಮೇಲೆ ಬಣ್ಣವೂ ಇಳಿಯುತ್ತದೆ.

ಸಣ್ಣ ಹೆಣ್ಣಿನ ಮೇಲೂ ಕಣ್ಣಿಡಿ. ಅಡಗಿ ಬೆಳೆದ ಗಂಡು ಹೆಣ್ಣಿನಂತೆಯೇ ಕಾಣುವುದುಂಟು.

ಕುಂಡವೂ ಸರಿಯಿಲ್ಲ. ಅಗಲ ಬಾಯಿಯಾದರೆ ಗಂಡು, ಕೋರಿ ಎಲ್ಲವೂ ಒಳಗೆ ನುಗ್ಗುತ್ತವೆ. ತೆಂಗಿನ ಕರಟಕ್ಕೆ ಸುಮಾರು 3 ಸೆಂ.ಮೀ. ತೂತು ಕೊರೆದು, ತೂತು ತಳಕ್ಕೆ ತಾಗುವಂತೆ ಕವುಚಿಡಿ. ಹೆಣ್ಣಿಗೆ ಮಾತ್ರ ಹಿಡಿಸುವಷ್ಟಿರಲಿ. ಒಂದು ಹೆಣ್ಣಿಗೆ ಎರಡು ಕರಟದ ಲೆಕ್ಕದಲ್ಲಿ ನಾಲ್ಕು, ಟ್ಯಾಂಕಿನ ಎರಡು ತುದಿಗೆ ಹಂಚಿ. ಒಂದರಿಂದ ಇನ್ನೊಂದು ಕಾಣದಂತೆ ನಡುವೆ ಮರದ ಬೇರು, ಗಿಡ ಬರಲಿ. ಕೋರಿಗಳನ್ನು ಬೇರೆ ಟ್ಯಾಂಕಿಗೆ ಸಾಗಿಸಿ. ಕತ್ತಲಲ್ಲಿ ಮೊಟ್ಟೆ ಹುಡುಕಿ ತಿನ್ನುವುದರಲ್ಲಿ ಅವು ಪಳಗಿದವು.

ಮೃದುಜಲ:
ಪಿಎಚ್ ಡೌನ್ ಬಾಟಲಿ ಪಕ್ಕಕ್ಕಿಡಿ. ಕೆಎಚ್ 6 ಇರುವವರೆಗೆ ಅದು ಆಮ್ಲವನ್ನು ನುಂಗುತ್ತಲೇ ಇರುತ್ತದೆ, ಮೀನಿಗೆ ಸಿಗುವುದು ಏರಿಳಿತ ಮಾತ್ರ. ಆ ಬಿಳಿ ಕಲ್ಲಿನ ಮೇಲೂ ಅನುಮಾನ. ಒಂದನ್ನು ಒಣಗಿಸಿ ನಾಲ್ಕು ಹನಿ ವಿನೆಗರ್ ಬಿಡಿ, ನೊರೆಗುಳ್ಳೆ ಎದ್ದರೆ ಸುಣ್ಣದ ಕಲ್ಲು. ತೆಗೆದು ನುಣ್ಣನೆಯ ಮರಳು ಹಾಕಿ.

ಆಮೇಲೆ 2–3 ದಿನಕ್ಕೊಮ್ಮೆ 9 ಲೀಟರ್ ತೆಗೆದು ಬರೀ ಆರ್‌ಒ ನೀರು ತುಂಬಿ. ಐದನೇ ಸಲಕ್ಕೆ ಕೆಎಚ್ 2ರ ಹತ್ತಿರ, ಜಿಎಚ್ 3–4ಕ್ಕೆ ಬರುತ್ತದೆ. ಅಲ್ಲಿಂದ ಮುಂದೆ ಒಂದು ಪಾಲು ನಲ್ಲಿ ನೀರು, ಎರಡು ಪಾಲು ಆರ್‌ಒ. ಕಾಡುಬಾದಾಮಿಯ ಒಣ ಎಲೆ ಎರಡು ಹಾಕಿದರೆ ಪಿಎಚ್ ನಿಧಾನವಾಗಿ 6.5ರ ಕಡೆ ಜಾರುತ್ತದೆ. ಕಾಕಟುವಾಯ್ಡಿಸ್‌ಗೆ ಇಷ್ಟು ಸಾಕು. ಇದೇ ಕುಲದ ಅಗಾಸಿಜಿ ಆಗಿದ್ದರೆ ಇನ್ನೂ ಮೃದು ಬೇಕಿತ್ತು. 6ಕ್ಕಿಂತ ಕೆಳಗೆ ಹೋಗಬೇಡಿ. ಅಲ್ಲಿ ಫಿಲ್ಟರಿನ ಬ್ಯಾಕ್ಟೀರಿಯಾ ಮಂದವಾಗಿ ಅಮೋನಿಯಂ ಕೂಡಿಕೊಳ್ಳುತ್ತದೆ. ಹೆಚ್ಚು ಪಿಎಚ್‌ನ ನೀರು ಒಮ್ಮೆಲೇ ಸುರಿದ ದಿನ ಅದೇ ವಿಷವಾಗುತ್ತದೆ.

ನೀರು ಸರಿಹೋದ ಮೇಲೆ ಎರಡು ವಾರ ಜೀವಂತ ಆಹಾರ ಕೊಡಿ: ಡಾಫ್ನಿಯಾ (ನೀರಿನ ಚಿಗಟ), ಸೊಳ್ಳೆ ಲಾರ್ವಾ, ಆಗತಾನೆ ಮೊಟ್ಟೆಯೊಡೆದ ಆರ್ಟೀಮಿಯಾ (ಉಪ್ಪುನೀರಿನ ಪುಟ್ಟ ಸಿಗಡಿ). ಹೊಟ್ಟೆ ಉಬ್ಬಿದ್ದು ಕಂಡಾಗ ಟ್ಯಾಂಕಿಗಿಂತ 3–4 ಡಿಗ್ರಿ ತಣ್ಣಗಿನ ನೀರಿನಿಂದ 9 ಲೀಟರ್ ಬದಲಿಸಿ. ಟ್ಯಾಂಕ್ ಒಂದು ಡಿಗ್ರಿಯೂ ಇಳಿಯದು, ಆದರೂ ಮಳೆ ಬಂತೆಂಬ ಸೂಚನೆಗೆ ಅಷ್ಟು ಸಾಕು.

ಗಾಜಿನಮನೆ:
ವಿನೆಗರ್ ಬಿಟ್ಟೆ, ಚೆನ್ನಾಗಿಯೇ ನೊರೆ ಬಂತು! ಕಲ್ಲು ತೆಗೆಯುತ್ತೇನೆ. ಮೊಟ್ಟೆ ಇಟ್ಟ ಕೂಡಲೇ ಗಂಡನ್ನು ಬೇರೆ ಮಾಡಬೇಕೇ?

ಕೆಂಪುನೀರು:
ತಕ್ಷಣ ಬೇಡ. ಆಗ ಹೊಡೆಯುವುದು ಹೆಣ್ಣೇ, ಗಂಡು ದೂರ ಉಳಿದು ಕಾವಲು ಕಾಯುತ್ತದೆ. ಗಂಡಿನ ಬಾಲದ ರೆಕ್ಕೆ ಹರಿದಿದ್ದರೆ, ಹೀಟರಿನ ಹಿಂದೆ ಮೇಲ್ಮೈಗೆ ಅಂಟಿ ನಿಂತಿದ್ದರೆ ಮಾತ್ರ ತೆಗೆಯಿರಿ. ಇನ್ನೊಂದು ಹೆಣ್ಣಿಗೂ ಇದೇ ಲೆಕ್ಕ. 60 ಸೆಂ.ಮೀ. ಟ್ಯಾಂಕಿಗೆ ಎರಡು ಹೆಣ್ಣು ಬಿಗಿಯೇ.

ಮೃದುಜಲ:
ನಾನಾದರೆ ಎರಡನೇ ಹೆಣ್ಣನ್ನು ಈಗಲೇ ತೆಗೆಯುತ್ತಿದ್ದೆ. ರಾತ್ರಿ ಮಂದ ಬೆಳಕು ಉರಿಯುತ್ತಿರಲಿ. ಮೊದಲ ಒಂದೆರಡು ಕಂತು ತಾಯಿ ತಿಂದರೂ ಗಾಬರಿ ಬೇಡ, ಹೊಸ ತಾಯಿಗಳಲ್ಲಿ ಅದು ಸಾಮಾನ್ಯ. ತಿನ್ನುವುದು ನಿಲ್ಲದಿದ್ದರೆ ಕರಟವನ್ನು ನೀರಿನೊಳಗೇ ಡಬ್ಬಿಗೆ ಜಾರಿಸಿ, ಅದೇ ಟ್ಯಾಂಕಿನ 5 ಲೀಟರ್ ನೀರಿಗಿಡಿ. ತಿಳಿನೀಲಿಯಾಗುವಷ್ಟು ಮೆಥಿಲೀನ್ ಬ್ಲೂ ಹಾಕಿ, ಏರ್ ಸ್ಟೋನಿನ ಗುಳ್ಳೆ ಮೊಟ್ಟೆಯ ಪಕ್ಕದಲ್ಲಿ ಹಾಯಲಿ, ಮೇಲೆ ಬಡಿಯದಿರಲಿ.

ಹಸಿರುಪಾಚಿ:
ಮರಿಗಳ ಊಟ ಈಗಲೇ ಯೋಚಿಸಿ. 26–27 ಡಿಗ್ರಿಯಲ್ಲಿ ಮೊಟ್ಟೆ ಮೂರು ದಿನದೊಳಗೆ ಒಡೆಯುತ್ತದೆ, ಮರಿ ಈಜಲು ಇನ್ನೂ ಐದಾರು ದಿನ. ಅಲ್ಲಿಯವರೆಗೆ ಏನೂ ಹಾಕಬೇಡಿ, ಅವುಗಳ ಊಟವಾದ ಹಳದಿ ಚೀಲ ಹೊಟ್ಟೆಗೇ ಅಂಟಿರುತ್ತದೆ. ಈಜುವ ಹಿಂದಿನ ದಿನ ಆರ್ಟೀಮಿಯಾ ಮೊಟ್ಟೆಗಳನ್ನು ಒಡೆಯಲು ಹೂಡಿ: ಲೀಟರಿಗೆ 25 ಗ್ರಾಂ ಉಪ್ಪು, 27 ಡಿಗ್ರಿ, ಬೆಳಕು, ಜೋರು ಗಾಳಿ, 24 ಗಂಟೆ. ಬಟ್ಟೆಯಲ್ಲಿ ಸೋಸಿ ತೊಳೆದು, ಡ್ರಾಪರಿನಿಂದ ಮರಿಗಳ ಗುಂಪಿನ ಮೇಲೆಯೇ ಬಿಡಿ, ದಿನಕ್ಕೆ ಮೂರು ಸಲ, ಸ್ವಲ್ಪ ಸ್ವಲ್ಪ. ಮಿಕ್ಕದ್ದು ಸಿಹಿನೀರಿನಲ್ಲಿ ಕೆಲವೇ ಗಂಟೆಗಳಲ್ಲಿ ಸತ್ತು ಕೊಳೆಯುತ್ತದೆ.

ಬೇಗ ಬೆಳೆಯಲೆಂದು ಹೀಟರ್ ಏರಿಸಬೇಡಿ. ಸಂಶೋಧಕರಾದ ರೋಮರ್ ಮತ್ತು ಬೈಸೆನ್‌ಹೆರ್ಟ್ಸ್ 1996ರಲ್ಲಿ ತೋರಿಸಿದಂತೆ ಎಪಿಸ್ಟೋಗಳಲ್ಲಿ ಮರಿಯ ಲಿಂಗ ಮೊದಲ ವಾರಗಳ ತಾಪಮಾನಕ್ಕೂ ಬಾಗುತ್ತದೆ: 29–30ಕ್ಕೆ ಬಹುಪಾಲು ಗಂಡು, 23ಕ್ಕೆ ಬಹುಪಾಲು ಹೆಣ್ಣು. ಎರಡೂ ಬೇಕಿದ್ದರೆ 26ರಲ್ಲೇ ಇರಲಿ.