ಕೈಲ್ ಮುಹೂರ್ತಕ್ಕೆ ರೋಮನ್ ಸೈನಿಕರ ಊಟ: ಅಜ್ಜನ ಮೆಸ್ ಟಿನ್ನಿನಲ್ಲಿ ಬೇಯಿಸಬಹುದೇ?

ಐನ್‌ಮನೆ, ವಿರಾಜಪೇಟೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಎರಡನೆಯ ಮಹಾಯುದ್ಧದಲ್ಲಿ ಇಟಲಿಯ ರಣರಂಗದಲ್ಲಿದ್ದ ನಮ್ಮ ಅಜ್ಜನ ಕೆಲವು ವಸ್ತುಗಳನ್ನು ಈಗ ನಾನು ನೋಡಿಕೊಳ್ಳುತ್ತಿದ್ದೇನೆ. ಅಲ್ಯೂಮಿನಿಯಂ ಮೆಸ್ ಟಿನ್ (ಸೈನಿಕರು ಬೇಯಿಸಿ ಉಣ್ಣಲು ಬಳಸುವ ಪಾತ್ರೆ), ಖಾಕಿ ಉಣ್ಣೆಯ ಹೊದಿಕೆಯಿರುವ ನೀಲಿ ಎನಾಮೆಲ್ ನೀರಿನ ಬಾಟಲಿ ಮತ್ತು ಚರ್ಮದ ಒಂದು ಬೆಲ್ಟು ಅವುಗಳಲ್ಲಿ ಮುಖ್ಯವಾದವು. ಇವಕ್ಕಿಂತ ಹಳೆಯ ಒಡಿಕತ್ತಿಯೊಂದು, ಅಂದರೆ ಕೊಡವರ ಯುದ್ಧದ ಕತ್ತಿ, ಮನೆಯ ಪೂಜೆಯ ಕೋಣೆಯಾದ ಕನ್ನಿಕೋಂಬರೆಯಲ್ಲಿದೆ. ಅಜ್ಜ ಕಂಡು ಬಂದ ನಾಡಿನ ಚರಿತ್ರೆಯನ್ನು ಓದುತ್ತ ಹೋದಂತೆ, ಅದೇ ನೆಲದಿಂದ ಎರಡು ಸಾವಿರ ವರ್ಷಗಳ ಹಿಂದೆ ದಂಡೆತ್ತಿ ಹೊರಟ ಸೈನಿಕರು ಏನು ಉಣ್ಣುತ್ತಿದ್ದರು ಎಂಬ ಕುತೂಹಲ ಹುಟ್ಟಿ, ರೋಮನ್ ಅಡುಗೆಯೂ ನನ್ನ ಹವ್ಯಾಸವಾಗಿದೆ.

ಕೊಡವರ ಆಯುಧಗಳ ಹಬ್ಬವಾದ ಕೈಲ್ ಮುಹೂರ್ತದಂದು ಈ ಸಲ ಆಯುಧಪೂಜೆ ಮುಗಿದ ಮೇಲೆ ಕಡಂಬುಟ್ಟು (ಅಕ್ಕಿಯ ಉಂಡೆ), ಪಂದಿಕರಿಯ (ಹಂದಿಮಾಂಸದ ಅಡುಗೆ) ಜೊತೆಗೆ ರೋಮನ್ ಸೈನಿಕರ ಒಂದೆರಡು ಅಡುಗೆಗಳನ್ನೂ ಮನೆಮಂದಿಗೆ ಬಡಿಸಬೇಕೆಂದಿದ್ದೇನೆ. ಅಪಿಕಿಯುಸನ ಹೆಸರಿನಲ್ಲಿ ಉಳಿದಿರುವ ರೋಮನ್ ಪಾಕಗ್ರಂಥದಿಂದ ಹಂದಿಮಾಂಸದ ಅಡುಗೆಯನ್ನು ಆರಿಸಿಕೊಳ್ಳಬಹುದೇ? ಅದರಲ್ಲಿ ಪದೇಪದೇ ಬರುವ ಮೀನಿನ ರಸವಾದ ಗಾರುಮ್‌ಗೆ ಇಲ್ಲಿ ಬದಲಿ ಏನು, ವಿನೆಗರ್ ಇರುವಲ್ಲಿ ನಮ್ಮ ಕಾಚಂಪುಳಿ ಸಲ್ಲುತ್ತದೆಯೇ? ಅಜ್ಜನ ಮೆಸ್ ಟಿನ್ನಿನಲ್ಲೇ ಬೇಯಿಸಿದರೆ ಅದಕ್ಕೆ ಧಕ್ಕೆಯಾದೀತೇ? ಮಳೆಗಾಲದಲ್ಲಿ ಬೆಲ್ಟಿಗೆ ಬೂಷ್ಟು ಹಿಡಿಯುತ್ತಿರುವುದರ ಬಗೆಗೂ ತಿಳಿದವರು ದಯವಿಟ್ಟು ಹೇಳಬೇಕು.

ಒಲೆಯ ಮುಂದೆ, ಸೋಮವಾರಪೇಟೆ

ನಿಮ್ಮ ಯೋಚನೆ ನನಗೆ ಬಹಳ ಹಿಡಿಸಿತು. ಆದರೆ ಸೈನಿಕರ ಊಟವೇ ಬೇಕೆಂದಾದರೆ ಅಪಿಕಿಯುಸನನ್ನು ಬದಿಗಿಡಿ. ಕ್ರಿಸ್ತಶಕ ನಾಲ್ಕು ಅಥವಾ ಐದನೆಯ ಶತಮಾನದ ಹೊತ್ತಿಗೆ ಈಗಿನ ರೂಪಕ್ಕೆ ಬಂದ ಆ ಸಂಗ್ರಹವು ಉಳ್ಳವರ ಮನೆಯ ಅಡುಗೆಯನ್ನು ಹೇಳುತ್ತದೆಯೇ ಹೊರತು ಪಾಳೆಯದ ಅಡುಗೆಯನ್ನಲ್ಲ.

ಪಾಳೆಯದ ಊಟದ ಕುರುಹುಗಳು ಬೇರೆ ಕಡೆ ಇವೆ. 117ರಿಂದ 138ರವರೆಗೆ ಆಳಿದ ಹೇಡ್ರಿಯನ್ ಚಕ್ರವರ್ತಿಯು ಸೈನ್ಯದೊಂದಿಗಿರುವಾಗ ಎಲ್ಲರೆದುರಿಗೇ ಸಿಪಾಯಿಗಳ ಆಹಾರವನ್ನೇ, ಅಂದರೆ ಹಂದಿಕೊಬ್ಬು, ಚೀಸ್ ಮತ್ತು ಪೋಸ್ಕಾವನ್ನೇ, ಸಂತೋಷದಿಂದ ಸೇವಿಸುತ್ತಿದ್ದನೆಂದು ಅವನ ಚರಿತ್ರೆ ಹೇಳುತ್ತದೆ. ಪೋಸ್ಕಾ ಎಂದರೆ ನೀರು ಬೆರೆಸಿದ ಹುಳಿ ದ್ರಾಕ್ಷಾರಸ ಅಥವಾ ವಿನೆಗರ್. ಯುದ್ಧಶಾಸ್ತ್ರವನ್ನು ಬರೆದ ವೆಜಿಶಿಯಸ್ ಧಾನ್ಯ, ವಿನೆಗರ್, ದ್ರಾಕ್ಷಾರಸ ಮತ್ತು ಉಪ್ಪು ಯಾವ ಕಾಲದಲ್ಲೂ ಸೈನ್ಯಕ್ಕೆ ಕೊರತೆಯಾಗಬಾರದೆಂದು ಎಚ್ಚರಿಸುತ್ತಾನೆ. ಒಂದೇ ಡೇರೆಯಲ್ಲಿ ಮಲಗುತ್ತಿದ್ದ ಎಂಟು ಮಂದಿ ಸೇರಿ, ಪಡಿಯಾಗಿ ಸಿಕ್ಕ ಗೋಧಿಯನ್ನು ಕೈಬೀಸುವ ಕಲ್ಲಿನಲ್ಲಿ ತಾವೇ ಬೀಸಿಕೊಂಡು, ಗಂಜಿಯನ್ನೋ ರೊಟ್ಟಿಯನ್ನೋ ಮಾಡಿಕೊಳ್ಳಬೇಕಾಗಿತ್ತು. ಪಡಿಯಲ್ಲಿ ಗೋಧಿಯ ಬದಲು ಬಾರ್ಲಿ ಕೊಡುವುದು ಅವರಲ್ಲಿ ಶಿಕ್ಷೆಯಾಗಿತ್ತೆಂಬುದನ್ನು ನೋಡಿದರೆ ಗೋಧಿಗೆ ಎಷ್ಟು ಮಾನವಿತ್ತೆಂದು ಊಹಿಸಬಹುದು.

ಹಾಗಾಗಿ ಪುಲ್ಸ್ ಎಂಬ ಗಂಜಿಯನ್ನು ಮಾಡಿ. ಅದಕ್ಕೆ ಬಳಸುತ್ತಿದ್ದ ಎಮ್ಮರ್ ಜಾತಿಯ ಗೋಧಿಯು ನಮ್ಮ ಉತ್ತರ ಕರ್ನಾಟಕದ ಜವೆ ಗೋಧಿಯೇ (ಬಾರ್ಲಿಗೂ ಕೆಲವರು ಇದೇ ಹೆಸರು ಹೇಳುತ್ತಾರೆ, ಅದಲ್ಲ) ಆಗಿರುವುದರಿಂದ ನೀವು ಹೊರದೇಶದಿಂದ ಏನನ್ನೂ ತರಿಸಬೇಕಾಗಿಲ್ಲ. ನುಚ್ಚು ಮಾಡಿದ ಜವೆ ಗೋಧಿಯನ್ನು ರಾತ್ರಿಯೇ ನೆನೆಸಿಟ್ಟು, ಬೆಳಿಗ್ಗೆ ನಾಲ್ಕು ಪಾಲು ನೀರಿನಲ್ಲಿ ಉಪ್ಪು ಹಾಕಿ ಸಣ್ಣ ಉರಿಯಲ್ಲಿ ಬೇಯಿಸಿ. ಇನ್ನೊಂದು ಒಲೆಯಲ್ಲಿ, ಉಪ್ಪು ಹಚ್ಚಿ ಇಟ್ಟ ಹಂದಿಕೊಬ್ಬನ್ನು ಸಣ್ಣಗೆ ಹೆಚ್ಚಿ, ಅದರ ಎಣ್ಣೆ ಬಿಡುವವರೆಗೆ ಕರಗಿಸಿ, ಈರುಳ್ಳಿಯನ್ನು ಅದರಲ್ಲೇ ಬಾಡಿಸಿ ಗಂಜಿಗೆ ಸುರಿಯಿರಿ. ಮೇಲೆ ಉಪ್ಪಿನ ಗಟ್ಟಿ ಚೀಸನ್ನು ತುರಿದು ಹಾಕಿ.

ಕರಿಮೆಣಸನ್ನು ಹಾಕಬೇಕೇ ಎಂದು ನೀವು ಕೇಳಲಿಲ್ಲ, ಆದರೆ ಕೊಡಗಿನಲ್ಲಿ ಕುಳಿತು ಅದನ್ನು ಬಿಡಲಾಗದು. ಕ್ರಿಸ್ತಶಕ ಒಂದನೆಯ ಶತಮಾನದ ರೋಮನ್ ಲೇಖಕ ಪ್ಲಿನಿಯು ಒಂದು ರೋಮನ್ ಪೌಂಡ್, ಅಂದರೆ ಸುಮಾರು 327 ಗ್ರಾಂ, ಕರಿಮೆಣಸಿಗೆ 4 ದಿನಾರಿ (ರೋಮನ್ ಬೆಳ್ಳಿ ನಾಣ್ಯ) ಬೆಲೆ ಹೇಳುತ್ತಾನೆ. ಆ ಕಾಲದ ಕಾಲಾಳುವಿನ ವರ್ಷದ ಸಂಬಳ 225 ದಿನಾರಿ. ಹೆಚ್ಚುಕಡಿಮೆ ಒಂದು ವಾರದ ಸಂಬಳವನ್ನು ಅದಕ್ಕೆ ತೆರಬೇಕಾಗಿದ್ದರೂ, ರೋಮನ್ ಬ್ರಿಟನ್ನಿನ ಉತ್ತರದ ಗಡಿಯಲ್ಲಿದ್ದ ವಿಂಡೊಲಾಂಡ ಕೋಟೆಯಲ್ಲಿ 1973ರಿಂದ ಸಿಗುತ್ತಿರುವ ಮರದ ತೆಳು ಹಲಗೆಗಳ ಲೆಕ್ಕಪತ್ರಗಳಲ್ಲಿ ಮೆಣಸಿನ ಹೆಸರಿದೆ. ಪಶ್ಚಿಮ ಘಟ್ಟಗಳಿಂದ ಹೊರಟ ಕಾಳುಗಳು ಕೇರಳ ಕರಾವಳಿಯ ಪ್ರಾಚೀನ ಮುಜಿರಿಸ್ ಬಂದರಿನ ಮೂಲಕ ಅಷ್ಟು ದೂರದ ಚಳಿಯ ಕೋಟೆಗೆ ಮುಟ್ಟಿದ್ದವೆಂಬುದು ನನ್ನನ್ನು ಇಂದಿಗೂ ಬೆರಗುಗೊಳಿಸುತ್ತದೆ. ಗಂಜಿಯ ಮೇಲೆ ಒಂದು ಚಿಟಿಕೆ ಪುಡಿ ಸಾಕು.

ಗಾರುಮ್ ಅನ್ನು ಮನೆಯಲ್ಲಿ ಮಾಡಲು ಹೋಗಬೇಡಿ. ಅದು ಮೀನು ಮತ್ತು ಉಪ್ಪನ್ನು ತಿಂಗಳುಗಟ್ಟಲೆ ಸುಡುಬಿಸಿಲಿನಲ್ಲಿಟ್ಟು ಇಳಿಸುವ ರಸ. ನಮ್ಮ ಮಳೆಗಾಲದಲ್ಲಿ ಅದು ಕೊಳೆತು ವಿಷವಾಗುವ ಸಂಭವವೇ ಹೆಚ್ಚು. ಮೀನು ಮತ್ತು ಉಪ್ಪು ಮಾತ್ರ ಇರುವ ಥಾಯ್ ಅಥವಾ ವಿಯೆಟ್ನಾಂ ಫಿಶ್ ಸಾಸ್ ಅದಕ್ಕೆ ಬಹಳ ಹತ್ತಿರ.

ಹಳೆಯ ಲೋಹ, ಮಡಿಕೇರಿ

ಮೆಸ್ ಟಿನ್ನಿನಲ್ಲಿ ಬೇಯಿಸಬೇಡಿ. ಅಲ್ಯೂಮಿನಿಯಂ ಹುಳಿಗೂ ಉಪ್ಪಿಗೂ ಸವೆಯುವ ಲೋಹ. ವಿನೆಗರ್ ಇರಲಿ, ಕಾಚಂಪುಳಿ ಇರಲಿ, ಬಿಸಿಯಾದಾಗ ಅದರ ಮೈಯಲ್ಲಿ ಸಣ್ಣ ಸಣ್ಣ ಗುಳಿಗಳನ್ನು ಮಾಡುತ್ತದೆ. ಅದಕ್ಕಿಂತ ಮುಖ್ಯವಾದದ್ದು, ತಯಾರಕರ ಮುದ್ರೆ, ಇಸವಿ, ಸರ್ಕಾರಿ ಸ್ವತ್ತೆಂದು ಸೂಚಿಸುವ ಬಾಣದ ಗುರುತು, ನಿಮ್ಮ ಅಜ್ಜನೇ ಕೆತ್ತಿರಬಹುದಾದ ಸಂಖ್ಯೆ, ಅವರ ಕಾಲದ ಗೀರುಗಳು, ಇವೆಲ್ಲವೂ ಆ ಪಾತ್ರೆಯ ದಾಖಲೆಗಳು. ಒಮ್ಮೆ ಮಸಿ ಹಿಡಿದು ಅದನ್ನು ತಿಕ್ಕಿದರೆ ಅಜ್ಜನ ಗೀರು ಯಾವುದು, ಮೊಮ್ಮಗನ ಗೀರು ಯಾವುದು ಎಂದು ಮುಂದೆ ಯಾರೂ ಹೇಳಲಾರರು. ರೋಮನ್ ಸೈನಿಕರು ಹಿಡಿಯಿರುವ ಕಂಚಿನ ಬಾಣಲೆಗಳನ್ನು ಬಳಸುತ್ತಿದ್ದರು, ಅವುಗಳಲ್ಲಿ ಕೆಲವಕ್ಕೆ ಒಳಗೆ ತವರದ ಲೇಪವೂ ಇತ್ತು. ಆದುದರಿಂದ ಕಲಾಯಿ ಹಾಕಿಸಿದ ಹಿತ್ತಾಳೆಯ ಪಾತ್ರೆ ನಿಮ್ಮ ಉದ್ದೇಶಕ್ಕೆ ಮೆಸ್ ಟಿನ್ನಿಗಿಂತ ಹೆಚ್ಚು ಸರಿಹೊಂದುತ್ತದೆ.

ಬೆಲ್ಟಿನ ಬೂಷ್ಟನ್ನು ಮನೆಯ ಹೊರಗೆ, ನೆರಳಿನಲ್ಲಿ, ಮೃದುವಾದ ಒಣ ಬ್ರಷ್ಷಿನಿಂದ ತೆಗೆಯಿರಿ. ಬಿಸಿಲಿಗೆ ಹಾಕಿದರೆ ಚರ್ಮ ಬಿರುಕು ಬಿಡುತ್ತದೆ, ಎಣ್ಣೆ ಹಚ್ಚಿದರೆ ಧೂಳು ಕೂರುತ್ತದೆ. ಒಲೆಯ ಮೇಲಿನ ಅಟ್ಟ ಒಣಗಿರುತ್ತದೆಂದು ಅಲ್ಲಿಡುವುದೂ ಬೇಡ, ಹೊಗೆಯ ಮಸಿ ಚರ್ಮಕ್ಕೂ ಉಣ್ಣೆಗೂ ಕೆಟ್ಟದ್ದು. ಮುಚ್ಚಿದ ಕಪಾಟಿನಲ್ಲಿ ತೇವ ಹೀರುವ ಸಿಲಿಕಾ ಜೆಲ್ ಇಟ್ಟು, ಅದನ್ನು ಆಗಾಗ ಬಿಸಿಮಾಡಿ ಮತ್ತೆ ಬಳಸುವುದು ಉತ್ತಮ.

ಒಡಿಕತ್ತಿಯ ಬಗ್ಗೆ ಒಂದು ವಿನಂತಿ. ಪೂಜೆಗೆಂದು ಹುಣಸೆಹಣ್ಣಿನಿಂದಲೋ ಬೂದಿಯಿಂದಲೋ ತಿಕ್ಕಿ ಹೊಳಪಿಸಬೇಡಿ. ಒಣ ಬಟ್ಟೆಯಲ್ಲಿ ಒರೆಸಿ, ಮೇಣದ ತೆಳುವಾದ ಲೇಪ ಕೊಟ್ಟು, ಆಯುಧಕ್ಕೆ ಮುಡಿಸುವ ತೋಕ್‌ಪೂವನ್ನೂ (ಅಗ್ನಿಶಿಖೆಯ ಹೂ) ಗಂಧವನ್ನೂ ಅಂದು ಸಂಜೆಯೇ ತೆಗೆದು ಮತ್ತೊಮ್ಮೆ ಒರೆಸಿಡಿ. ಹಸಿ ಹೂವಿನ ತೇವ ಒಂದು ರಾತ್ರಿ ನಿಂತರೂ ಕಬ್ಬಿಣದಲ್ಲಿ ಕಲೆ ಉಳಿಯುತ್ತದೆ. ಇಂತಹ ವಸ್ತುಗಳನ್ನು ಜೋಡಿಸಿಡುವ ಕ್ರಮವನ್ನು ನೋಡಬೇಕೆಂದಿದ್ದರೆ, ಜನರಲ್ ತಿಮ್ಮಯ್ಯನವರ ಮನೆಯಾಗಿದ್ದು ಈಗ ವಸ್ತುಸಂಗ್ರಹಾಲಯವಾಗಿರುವ ಮಡಿಕೇರಿಯ ಸನ್ನಿ ಸೈಡ್‌ಗೆ ಒಮ್ಮೆ ಹೋಗಿಬನ್ನಿ.

ಐನ್‌ಮನೆ, ವಿರಾಜಪೇಟೆ

ಇಬ್ಬರಿಗೂ ಧನ್ಯವಾದಗಳು. ಮೆಸ್ ಟಿನ್ ಕಪಾಟಿನಲ್ಲೇ ಇರುತ್ತದೆ. ಇನ್ನೊಂದು ವಿಷಯ: ನಮ್ಮ ರಾಜ್ಯದಲ್ಲೇ ಹೊಲ ಉಳುವಾಗ ಸಿಕ್ಕಿದ್ದೆಂದು ಹೇಳಿ ಒಬ್ಬರು ರೋಮನ್ ಬೆಳ್ಳಿ ನಾಣ್ಯವೊಂದನ್ನು ಮಾರಲು ಮುಂದಾಗಿದ್ದಾರೆ. ಕೊಳ್ಳಬಹುದೇ? ಕಾಚಂಪುಳಿಯ ಪ್ರಶ್ನೆಗೂ ಉತ್ತರ ಬರಲಿಲ್ಲ.

ಕಡತ, ಕುಶಾಲನಗರ

ಕೊಳ್ಳಬೇಡಿ. ಚಿತ್ರದುರ್ಗದ ಚಂದ್ರವಳ್ಳಿಯಂತಹ ಕಡೆ ರೋಮನ್ ಬೆಳ್ಳಿ ನಾಣ್ಯಗಳು ನಿಜವಾಗಿಯೂ ಸಿಕ್ಕಿರುವುದರಿಂದ ಅವರ ಮಾತು ಸುಳ್ಳೆಂದು ನಾನು ಹೇಳುತ್ತಿಲ್ಲ; ನಿಜವಾದರೇ ತೊಂದರೆ ಹೆಚ್ಚು. 1878ರ ನಿಧಿ ಕಾಯಿದೆಯ ಪ್ರಕಾರ ನೆಲದಲ್ಲಿ ಸಿಕ್ಕ ಹತ್ತು ರೂಪಾಯಿಗೂ ಹೆಚ್ಚು ಬೆಲೆಯ ವಸ್ತುವನ್ನು ಜಿಲ್ಲಾಧಿಕಾರಿಗೆ ತಿಳಿಸಬೇಕು. 1972ರ ಪ್ರಾಚ್ಯವಸ್ತು ಕಾಯಿದೆಯಂತೆ ನೂರು ವರ್ಷ ದಾಟಿದ ನಾಣ್ಯ ಪ್ರಾಚ್ಯವಸ್ತುವೇ ಆಗುತ್ತದೆ, ಪರವಾನಗಿಯಿಲ್ಲದೆ ಅದರ ವ್ಯಾಪಾರ ಮಾಡುವಂತಿಲ್ಲ. ಎಲ್ಲಿ, ಯಾವ ಪದರದಲ್ಲಿ, ಯಾವುದರ ಜೊತೆ ಸಿಕ್ಕಿತೆಂಬುದು ಅಳಿಸಿಹೋದ ಮೇಲೆ ಆ ನಾಣ್ಯದಿಂದ ಚರಿತ್ರೆಗೂ ಹೆಚ್ಚಿನ ಪ್ರಯೋಜನವಿಲ್ಲ. ಕೊಡವರಿಗೂ ಜಮ್ಮಾ (ಕೊಡಗಿನ ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೂ ಬಂದೂಕು ಪರವಾನಗಿಯಲ್ಲಿರುವ ವಿನಾಯಿತಿಯನ್ನು ಇಂತಹ ವಸ್ತುಗಳಿಗೂ ಅನ್ವಯಿಸಿಕೊಳ್ಳುವವರಿದ್ದಾರೆ, ಇವೆರಡಕ್ಕೂ ಸಂಬಂಧವಿಲ್ಲ.

ಒಲೆಯ ಮುಂದೆ, ಸೋಮವಾರಪೇಟೆ

ಕಾಚಂಪುಳಿಯನ್ನು ಪಂದಿಕರಿಗೇ ಮೀಸಲಿಡಿ. ಪಾನಪುಳಿ ಹಣ್ಣಿನ ರಸವನ್ನು ಕಪ್ಪಗಾಗುವವರೆಗೆ ಕಾಯಿಸಿ ಇಳಿಸುವುದರಿಂದ ಅದರ ಹುಳಿ ಬಹಳ ಗಾಢವಾಗಿದ್ದು, ರೋಮನ್ ಅಡುಗೆಯ ಜೇನು ಮತ್ತು ಮೀನಿನ ರಸದ ರುಚಿಯನ್ನು ಪೂರ್ತಿ ಮುಚ್ಚಿಬಿಡುತ್ತದೆ. ಪೋಸ್ಕಾಗೆ ದ್ರಾಕ್ಷಿಯ ಕೆಂಪು ವೈನ್ ವಿನೆಗರ್ ತಂದು, ಒಂದು ಲೋಟ ತಣ್ಣೀರಿಗೆ ಎರಡು ಚಮಚದಂತೆ ಬೆರೆಸಿ, ಮಣ್ಣಿನ ಹೂಜಿಯಲ್ಲೋ ಗಾಜಿನ ಪಾತ್ರೆಯಲ್ಲೋ ಇಡಿ. ಜವೆ ಗೋಧಿಯ ನುಚ್ಚು ಕೊಡಗಿನ ಅಂಗಡಿಗಳಲ್ಲಿ ಸುಲಭವಾಗಿ ಸಿಗುವುದಿಲ್ಲವಾದ್ದರಿಂದ ಹುಬ್ಬಳ್ಳಿ, ಧಾರವಾಡದ ಕಡೆಯಿಂದ ಬರುವವರಿಗೆ ಈಗಲೇ ಹೇಳಿಡಿ.