ಪದಚರ್ಚೆ: ಗೇಮಿನ ಪನೋರಮಾಕ್ಕೆ ‘ವಿಹಂಗಮ ನೋಟ’ ಎನ್ನಬಹುದೆ?

ಎಲ್ಲರಿಗೂ ನಮಸ್ಕಾರ.

ವಿಡಿಯೋ ಗೇಮಿನೊಳಗಿನ ಗುಡ್ಡ, ಕಣಿವೆ, ಕಡಲತೀರಗಳನ್ನು ಹಲವು ಸ್ಕ್ರೀನ್‌ಶಾಟ್‌ಗಳಲ್ಲಿ ಹಿಡಿದು ಒಂದೇ ಅಗಲಚಿತ್ರವಾಗಿ (ಪನೋರಮಾ) ಜೋಡಿಸುವುದು ಹೇಗೆ ಎಂಬುದರ ಬಗ್ಗೆ, ಕೇರಳದ ಕಾಸರಗೋಡು ಕಡೆಯ ಕನ್ನಡ ಮಾಧ್ಯಮದ ಹೈಸ್ಕೂಲು ಮಕ್ಕಳಿಗಾಗಿ ಒಂದು ಕೈಪಿಡಿ ತಯಾರಾಗುತ್ತಿದೆ. ಮೂರು ಕಡೆ ಪದ ಸಿಕ್ಕಿಹಾಕಿಕೊಂಡಿದೆ. ಪನೋರಮಾಕ್ಕೆ ಕರಡಿನಲ್ಲಿ ಒಮ್ಮೆ ‘ವಿಹಂಗಮ ನೋಟ’, ಇನ್ನೊಮ್ಮೆ ‘ಪರಿದೃಶ್ಯ’ ಎಂದಿದೆ. ಪಕ್ಕದ ಎರಡು ಚಿತ್ರಗಳಲ್ಲೂ ಬರುವ ಓವರ್‌ಲ್ಯಾಪಿಗೆ ‘ಅತಿಕ್ರಮಣ’ ಎಂದು ಬರೆದದ್ದು ಗಡಿ ತಕರಾರಿನ ಅರ್ಜಿಯಂತೆ ಕೇಳುತ್ತದೆ. ಕ್ಯಾಮರಾಕ್ಕೆ ಒಮ್ಮೆಗೆ ಎಷ್ಟು ಅಗಲ ಕಾಣುತ್ತದೆ ಎಂಬ ಫೀಲ್ಡ್ ಆಫ್ ವ್ಯೂಗೆ ‘ದೃಷ್ಟಿಕ್ಷೇತ್ರ’ ಅಂದರೆ ಕಣ್ಣಿನ ಡಾಕ್ಟರರ ಮಾತಾಗುತ್ತದೆ. ಮನೆಯಲ್ಲಿ ಮಲಯಾಳ, ತುಳು ಆಡುವ ಮಕ್ಕಳೂ ಓದುವುದರಿಂದ ಅವರ ಕಿವಿಗೂ ಒಗ್ಗುವ ಪದವಾದರೆ ಒಳ್ಳೆಯದು.

— ಬದಿಯಡ್ಕದಿಂದ

* * *

ಮಾಷ್ಟ್ರೆ, ‘ವಿಹಂಗಮ’ ಬೇಡವೇ ಬೇಡ. ವಿಹಂಗಮ ಎಂದರೆ ಹಕ್ಕಿ. ಅದರ ನೋಟ ಮೇಲಿನಿಂದ ಕೆಳಕ್ಕೆ. ಪತ್ರಿಕೆಗಳು ಚಂದ ಕಂಡದ್ದಕ್ಕೆಲ್ಲ ಅದನ್ನು ಅಂಟಿಸಿ ಅರ್ಥ ಸವೆಸಿವೆ. ಗೇಮಿನ ಬರೆಹದಲ್ಲಿ ಆ ಪದಕ್ಕೆ ಅದರದೇ ಕೆಲಸ ಇದೆ: ಊರು ಕಟ್ಟುವ, ದಂಡು ನಡೆಸುವ ಆಟಗಳಲ್ಲಿ ಕ್ಯಾಮರಾ ನಿಜಕ್ಕೂ ಆಕಾಶದಲ್ಲಿರುತ್ತದೆ. ಅಲ್ಲಿಗೆ ಉಳಿಸಿಡಿ. (‘ಸಿಂಹಾವಲೋಕನ’ ಎಂದು ಯಾರಾದರೂ ಸೂಚಿಸುವ ಮೊದಲೇ ಹೇಳಿಬಿಡುತ್ತೇನೆ, ಅದು ಹಿಂತಿರುಗಿ ನೋಡುವುದು.)

ಪನೋರಮಾದಲ್ಲಿ ಕ್ಯಾಮರಾ ನಿಂತಲ್ಲೇ ನಿಂತು ಸುತ್ತುತ್ತದೆ. ಐರ್ಲೆಂಡ್ ಮೂಲದ ಚಿತ್ರಕಾರ ರಾಬರ್ಟ್ ಬಾರ್ಕರ್ 1787ರಲ್ಲಿ ಪೇಟೆಂಟ್ ಪಡೆದದ್ದು ದುಂಡುಗೋಡೆಯ ಒಳಮೈತುಂಬ ಚಿತ್ರ ಬರೆದು, ನೋಡುವವರನ್ನು ನಡುಮಧ್ಯದಲ್ಲಿ ನಿಲ್ಲಿಸುವ ಏರ್ಪಾಡಿಗೆ. ಗ್ರೀಕಿನ ಎರಡು ಪದ ಕೂಡಿಸಿ ಪನೋರಮಾ ಎಂಬ ಹೆಸರು ಅದಕ್ಕೆ ಬಂದದ್ದು ಆಮೇಲೆ. ‘ಪರಿದೃಶ್ಯ’ದಲ್ಲಿ ಈ ಅರ್ಥ ಇದೆ, ಆದರೆ ಮಕ್ಕಳಿಗೆ ಅದನ್ನು ಮತ್ತೆ ಬಿಡಿಸಿ ಹೇಳಬೇಕು. ‘ಸುತ್ತುನೋಟ’ ಸಾಕು. ನಮ್ಮ ದೇವಸ್ಥಾನಗಳಲ್ಲಿ ಸುತ್ತುಪೌಳಿ ಇದೆ, ಮಲಯಾಳದಲ್ಲಿ ಅದೇ ಚುಟ್ಟಂಬಲ. ಸುತ್ತು–ಚುಟ್ಟು ಯಾವ ಮಗುವಿಗೂ ಹೊಸತಲ್ಲ.

ಈ ಪದ ಇಟ್ಟುಕೊಂಡರೆ ಚಿತ್ರ ತೆಗೆಯುವ ಕ್ರಮದ ಅರ್ಧ ಪಾಠ ಅದರಲ್ಲೇ ಬಂತು. ಪಾತ್ರದ ಕಣ್ಣಿನಿಂದ ಕಾಣುವ ಆಟದಲ್ಲಿ ಮೌಸ್ ತಿರುಗಿಸಿದರೆ ಕ್ಯಾಮರಾ ಹೆಚ್ಚುಕಡಿಮೆ ತನ್ನ ಬಿಂದುವಿನಲ್ಲೇ ತಿರುಗುತ್ತದೆ. ಪಾತ್ರದ ಬೆನ್ನ ಹಿಂದೆ ಕ್ಯಾಮರಾ ಇರುವ ಆಟದಲ್ಲಿ ಹಾಗಲ್ಲ, ಕ್ಯಾಮರಾ ಪಾತ್ರಕ್ಕೆ ಪ್ರದಕ್ಷಿಣೆ ಬರುತ್ತದೆ. ಪ್ರತಿ ಚಿತ್ರಕ್ಕೂ ಅದರ ಜಾಗ ಬದಲಾಗುವುದರಿಂದ ಹತ್ತಿರದ ಮರ ದೂರದ ಗುಡ್ಡದ ಮುಂದೆ ಸರಿದಂತೆ ಕಾಣುತ್ತದೆ. ಇದು ಪ್ಯಾರಲಾಕ್ಸ್, ಇದನ್ನು ಯಾವ ಸಾಫ್ಟ್‌ವೇರೂ ಪೂರ್ತಿ ಸರಿಮಾಡದು. ಅಂಥ ಆಟದಲ್ಲಿ ಫೋಟೋ ಮೋಡ್‌ನ (ಆಟ ನಿಲ್ಲಿಸಿ ಚಿತ್ರ ತೆಗೆಯುವ ಆಯ್ಕೆ) ಬಿಡಿ ಕ್ಯಾಮರಾ ಬಳಸಬೇಕು, ಅದನ್ನೂ ಸುತ್ತಿಸಬೇಕೇ ಹೊರತು ಸರಿಸಬಾರದು. 2016ರಲ್ಲಿ ಬಂದ ಎನ್‌ವಿಡಿಯಾ ಕಂಪನಿಯ ಆನ್ಸೆಲ್ ಎಂಬ ಚಿತ್ರ ತೆಗೆಯುವ ಸಾಫ್ಟ್‌ವೇರ್ ಆಟವನ್ನು ನಿಲ್ಲಿಸಿ ತಾನೇ 360 ಡಿಗ್ರಿ ಚಿತ್ರ ತೆಗೆಯುತ್ತಿತ್ತು, ಆದರೆ ತಯಾರಕರು ಅದನ್ನು ಒಳಗೆ ಸೇರಿಸಿದ ಆಟಗಳಲ್ಲಿ ಮಾತ್ರ. ಉಳಿದೆಡೆ ಕೈಕೆಲಸವೇ.

ಮೂರನೆಯದಾದ ಫೀಲ್ಡ್ ಆಫ್ ವ್ಯೂಗೆ ‘ನೋಟಕೋನ’ ಎನ್ನಿ. ಅದು ಡಿಗ್ರಿಯಲ್ಲಿ ಅಳೆಯುವ ಕೋನವೇ ತಾನೆ? ಆದರೆ ಪ್ರತಿಸಲವೂ ‘ಅಡ್ಡ’ ಅಥವಾ ‘ಲಂಬ’ ಎಂದು ಮೊದಲಿಗೆ ಸೇರಿಸಲೇಬೇಕು. ಮೈನ್‌ಕ್ರಾಫ್ಟ್ ಆಟದಲ್ಲಿ ಮೊದಲೇ ಇಟ್ಟಿರುವ 70 ಡಿಗ್ರಿ ಲಂಬ ನೋಟಕೋನ. 16:9 ಪರದೆಯಲ್ಲಿ ಅದರ ಅಡ್ಡ ನೋಟಕೋನ ಸುಮಾರು 102. ವಾಲ್ವ್ ಕಂಪನಿಯ ಸೋರ್ಸ್ ಎಂಬ ಗೇಮ್ ಎಂಜಿನ್‌ನಲ್ಲಿ ಮಾಡಿದ ಆಟಗಳಲ್ಲಿ 90 ಎಂದು ಕೊಟ್ಟರೆ ಅದು ಹಳೆಯ 4:3 ಪರದೆಯ ಲೆಕ್ಕ, 16:9ರಲ್ಲಿ ಸುಮಾರು 106 ಆಗುತ್ತದೆ. ಲೆಕ್ಕ ಸುಲಭ: ಲಂಬ ಕೋನದ ಅರ್ಧದ ಟ್ಯಾನ್ ಬೆಲೆಯನ್ನು ಪರದೆಯ ಅಗಲ ಭಾಗಿಸು ಎತ್ತರದಿಂದ ಗುಣಿಸಿದರೆ ಅಡ್ಡ ಕೋನದ ಅರ್ಧದ ಟ್ಯಾನ್ ಸಿಗುತ್ತದೆ. ತಪ್ಪು ಅಂಕೆ ಕೊಟ್ಟರೆ ದಿಗಂತ ಬಾಗುತ್ತದೆ, ಕೊನೆಯ ಚಿತ್ರ ಮೊದಲನೆಯದನ್ನು ಬಂದು ಮುಟ್ಟುವುದಿಲ್ಲ.

— ಮಂಜೇಶ್ವರದಿಂದ

* * *

ಓವರ್‌ಲ್ಯಾಪಿನ ಬಗ್ಗೆ ಮಾತ್ರ. ಹಂಚಿನ ಮಾಡಿನಲ್ಲಿ ಒಂದು ಹಂಚು ಇನ್ನೊಂದರ ಮೇಲೆ ಸ್ವಲ್ಪ ಹತ್ತಿ ಕೂತಿರುತ್ತದಲ್ಲ, ಅದೇ ಇಲ್ಲಿಯೂ. ‘ಎರಡು ಚಿತ್ರಗಳಿಗೂ ಸೇರಿದ ಭಾಗ’ ಎಂದು ಒಮ್ಮೆ ಬಿಡಿಸಿ ಬರೆದು, ಮುಂದೆ ‘ಕೂಡುಭಾಗ’ ಎಂದು ಚಿಕ್ಕದು ಮಾಡಿ. ‘ಶೇಕಡಾ 30 ಕೂಡುಭಾಗ ಇರಲಿ’ ಎಂಬ ವಾಕ್ಯ ಓದಲು ತೊಡಕಿಲ್ಲ.

ಅಂಕೆಗಳನ್ನೂ ಕೈಪಿಡಿಯಲ್ಲಿ ಕೊಡಿ. ಅಡ್ಡ ನೋಟಕೋನ 90 ಇಟ್ಟು 60 ಡಿಗ್ರಿಯಂತೆ ತಿರುಗಿದರೆ ಒಂದು ಸುತ್ತಿಗೆ 6 ಚಿತ್ರ. 16:9 ಪರದೆಯಲ್ಲಿ ಆಗ ಲಂಬ ನೋಟಕೋನ ಸುಮಾರು 59, ಆದ್ದರಿಂದ ನೇರಕ್ಕೆ ಒಂದು ಸುತ್ತು, 45 ಡಿಗ್ರಿ ಮೇಲಕ್ಕೆ ಒಂದು, 45 ಕೆಳಕ್ಕೆ ಒಂದು. ಇವು 18. ನೆತ್ತಿಯದೊಂದು, ಕಾಲಬುಡದ್ದೊಂದು ಸೇರಿ 20. ಬರೀ ದಿಗಂತದ ಪಟ್ಟಿ ಬೇಕಾದವರಿಗೆ ಮೊದಲ 6 ಸಾಕು.

ಚಿತ್ರಗಳನ್ನು ಜೋಡಿಸುವ ಹ್ಯೂಗಿನ್ ಎಂಬ ಉಚಿತ ಸಾಫ್ಟ್‌ವೇರಿನಲ್ಲಿ ಲೆನ್ಸ್ ಬಗೆಯನ್ನು ರೆಕ್ಟಿಲೀನಿಯರ್ (ನೇರ ಗೆರೆ ನೇರವಾಗಿಯೇ ಕಾಣುವ ಬಗೆ) ಎಂದಿಟ್ಟು ಅಡ್ಡ ನೋಟಕೋನ ತುಂಬಬೇಕು. ಗೇಮ್ ಕ್ಯಾಮರಾಕ್ಕೆ ಗಾಜಿಲ್ಲ, ಗಾಜಿನ ಬಾಗೂ ಇಲ್ಲ. ಹಾಗಾಗಿ ಎ, ಬಿ, ಸಿ ಎಂಬ ಲೆನ್ಸ್ ತಿದ್ದುಪಡಿಗಳನ್ನು ಸೊನ್ನೆಯಲ್ಲೇ ಬಿಡಿ. ಅವನ್ನೂ ಲೆಕ್ಕಕ್ಕೆ ಹಚ್ಚಿದರೆ ಇಲ್ಲದ ಬಾಗನ್ನು ಅದು ಹುಡುಕಿ ತರುತ್ತದೆ. ಬೋಳು ಆಕಾಶ, ಬೋಳು ಕಡಲು ಇರುವ ಚಿತ್ರಗಳಲ್ಲಿ ಹೋಲಿಕೆಯ ಬಿಂದುಗಳೇ ಸಿಗುವುದಿಲ್ಲ. ಅವುಗಳ ದಿಕ್ಕು ಮತ್ತು ಏರಿಳಿತದ ಡಿಗ್ರಿಗಳನ್ನು ಕೈಯಿಂದಲೇ ತುಂಬಬೇಕು. ಮೈನ್‌ಕ್ರಾಫ್ಟ್‌ನಲ್ಲಿ ಇದಕ್ಕೆ, ಪಾತ್ರವನ್ನು ಬೇಕಾದ ಜಾಗಕ್ಕೆ ಒಯ್ದು ಬೇಕಾದ ಕಡೆ ತಿರುಗಿಸುವ ಟಿಪಿ ಕಮಾಂಡ್ ಇದೆ: ಅದರ ಕೊನೆಯ ಎರಡು ಅಂಕೆಗಳಲ್ಲಿ ಮೊದಲನೆಯದು ದಿಕ್ಕು (0 ದಕ್ಷಿಣ, 90 ಪಶ್ಚಿಮ, 180 ಉತ್ತರ, ಮೈನಸ್ 90 ಪೂರ್ವ), ಎರಡನೆಯದು ಏರಿಳಿತ. ಒಂದು ಎಚ್ಚರ: ಮೈನ್‌ಕ್ರಾಫ್ಟ್‌ಗೆ ನೆತ್ತಿ ಮೈನಸ್ 90, ಹ್ಯೂಗಿನ್‌ಗೆ ಪ್ಲಸ್ 90. ಚಿಹ್ನೆ ತಿರುಗಿಸದಿದ್ದರೆ ಆಕಾಶ ಕೆಳಗೆ ಬಂದು ಕೂರುತ್ತದೆ.

— ನೀರ್ಚಾಲಿನಿಂದ

* * *

ಚಿತ್ರಗಳನ್ನು ಒಂದಾಗಿ ಜೋಡಿಸುವ ಸ್ಟಿಚಿಂಗ್‌ಗೆ ‘ಬೆಸುಗೆ’ಗಿಂತ ‘ಹೊಲಿಗೆ’ ಹೆಚ್ಚು ಉಪಯೋಗಕ್ಕೆ ಬರುತ್ತದೆ, ಏಕೆಂದರೆ ಕೆಟ್ಟಾಗ ಹೇಳಲು ‘ಹೊಲಿಗೆ ಬಿಟ್ಟಿದೆ’ ಎಂಬ ಮಾತು ತಯಾರಾಗಿಯೇ ಇದೆ. ಅದು ಯಾಕೆ ಬಿಡುತ್ತದೆ ಎಂಬುದಕ್ಕೆ ಕೈಪಿಡಿಯಲ್ಲಿ ಒಂದು ಪುಟವಾದರೂ ಇರಲಿ.

ಚಿತ್ರದ ಮೂಲೆ ಕಪ್ಪಾಗಿಸುವ ವಿನ್ಯೆಟ್ ಬಂದ್ ಮಾಡದಿದ್ದರೆ ಪ್ರತಿ ಜೋಡಿನಲ್ಲೂ ಕಪ್ಪು ಪಟ್ಟೆ ಬೀಳುತ್ತದೆ. (ಪದ ಬೇಕಿದ್ದರೆ ‘ಅಂಚುಗಪ್ಪು’.) ಮೋಷನ್ ಬ್ಲರ್, ಫಿಲ್ಮ್ ಗ್ರೇನ್, ಲೆನ್ಸ್ ಫ್ಲೇರ್, ಅಂಚಿನಲ್ಲಿ ಬಣ್ಣ ಒಡೆಯುವ ಕ್ರೊಮ್ಯಾಟಿಕ್ ಅಬರೇಶನ್ ಇವೂ ಹೋಗಲಿ. ಸೂರ್ಯನ ಕಡೆ ತಿರುಗಿದಾಗ ಆಟವೇ ಬೆಳಕು ತಗ್ಗಿಸುವುದುಂಟು; ಫೋಟೋ ಮೋಡ್‌ನಲ್ಲಿ ಎಕ್ಸ್‌ಪೋಷರ್ ಕಟ್ಟಿಹಾಕುವ ಆಯ್ಕೆ ಇದ್ದರೆ ಮೊದಲು ಅದನ್ನು ಒತ್ತಬೇಕು, ಇಲ್ಲದಿದ್ದರೆ ಸೂರ್ಯ ತೀರಾ ಎದುರಿಗಿಲ್ಲದ ಹೊತ್ತು ನೋಡಿ ತೆಗೆಯಬೇಕು.

ಎಲ್ಲಕ್ಕಿಂತ ಕಾಟ ಕೊಡುವುದು ನೀರು. ಹಲವು ಆಟಗಳು ಪರದೆಯ ಮೇಲೆ ಆಗ ಕಾಣುತ್ತಿರುವುದನ್ನಷ್ಟೇ ನೀರಿನಲ್ಲಿ ಪ್ರತಿಫಲಿಸುತ್ತವೆ. ಕ್ಯಾಮರಾ ಕೆಳಗೆ ಬಾಗಿ ಗುಡ್ಡ ಪರದೆಯಿಂದ ಹೊರಗೆ ಹೋಯಿತೋ, ಕೆರೆಯಲ್ಲಿ ಅದರ ನೆರಳೂ ಮಾಯ. ಮೇಲಿನ ಸಾಲಿನಲ್ಲಿ ನೆರಳಿರುವ ನೀರು, ಕೆಳಗಿನ ಸಾಲಿನಲ್ಲಿ ಬೋಳು ನೀರು. ನಡುವೆ ಗೀಟೆಳೆದಂತೆ ಹೊಲಿಗೆ ಬಿಡುತ್ತದೆ. ಹೀಗೆ ಪ್ರತಿಫಲಿಸುವ ಸ್ಕ್ರೀನ್ ಸ್ಪೇಸ್ ರಿಫ್ಲೆಕ್ಷನ್ ಎಂಬ ಸೆಟ್ಟಿಂಗ್ ಬಂದ್ ಮಾಡಿ, ಇಲ್ಲವೆ ಕೆರೆ ಒಂದೇ ಚಿತ್ರದ ನಡುವೆ ಪೂರ್ತಿ ಬರುವಂತೆ ತೆಗೆದು, ಹ್ಯೂಗಿನ್‌ನ ಮಾಸ್ಕ್‌ನಿಂದ ಉಳಿದ ಚಿತ್ರಗಳ ಕೆರೆಯನ್ನು ಮುಚ್ಚಿಬಿಡಿ.

ತಿರುಗಿಸಿದ ಕೂಡಲೇ ಬಟನ್ ಒತ್ತಬಾರದು. ಅಂಚು ನಯಮಾಡುವ ಟಿಎಎ ಹಿಂದಿನ ಕೆಲವು ಫ್ರೇಮುಗಳನ್ನು ಬೆರೆಸುವುದರಿಂದ ಒಂದು ಗಳಿಗೆ ಬಿಟ್ಟರೆ ಎಲೆ, ಹುಲ್ಲು ಚೊಕ್ಕವಾಗುತ್ತವೆ. ಗೇಮ್ ಕೊಂಡು ಆಡುವ ಸ್ಟೀಮ್‌ನಲ್ಲಿ ಎಫ್12 ಒತ್ತಿದರೆ ಉಳಿಯುವುದು ಜೆಪೆಗ್. ಗುಣಮಟ್ಟ ಕುಂದದ ಪಿಎನ್‌ಜಿ ಪ್ರತಿಯೂ ಬೇಕೆಂದು ಸೆಟ್ಟಿಂಗ್ಸ್‌ನಲ್ಲಿ ಹೇಳಬೇಕು.

ಅಳತೆಯ ಬಗ್ಗೆಯೂ ಮಕ್ಕಳು ಕೇಳಿಯೇ ಕೇಳುತ್ತಾರೆ. 1920 ಪಿಕ್ಸೆಲ್ ಅಗಲದ ಪರದೆ, 90ರ ಅಡ್ಡ ನೋಟಕೋನ ಎಂದಾದರೆ ಪೂರ್ತಿ ಸುತ್ತುನೋಟ ಸುಮಾರು 6,000 ಪಿಕ್ಸೆಲ್ ಅಗಲ, 3,000 ಎತ್ತರ. ನೋಟಕೋನವನ್ನು 60ಕ್ಕೆ ಇಳಿಸಿದರೆ ಅಗಲ 10,400 ದಾಟುತ್ತದೆ, ಚಿತ್ರಗಳ ಸಂಖ್ಯೆಯೂ ಏರುತ್ತದೆ.

ಇನ್ನೊಂದು. ಬದಿಯಿಂದ ಕಾಣುವ ಎರಡು ಆಯಾಮದ ಆಟಗಳಲ್ಲಿ ಕ್ಯಾಮರಾ ಸುತ್ತುವುದಿಲ್ಲ, ಸಾಗುತ್ತದೆ. ಆ ಉದ್ದಚಿತ್ರವನ್ನು ‘ಸುತ್ತುನೋಟ’ ಎನ್ನಬೇಡಿ, ‘ಸಾಲುಚಿತ್ರ’ ಆಗಬಹುದು. ಅಲ್ಲಿ ನೋಟಕೋನದ ಗೊಡವೆ ಇಲ್ಲ. ಹಿನ್ನೆಲೆಯ ಗುಡ್ಡ ಮುನ್ನೆಲೆಗಿಂತ ನಿಧಾನ ಸರಿಯುವಂತೆ ಮಾಡಿದ್ದರೆ ಮಾತ್ರ ಎರಡನ್ನೂ ಒಟ್ಟಿಗೆ ಕೂಡಿಸಲಾಗದು, ಒಂದನ್ನು ಬಿಟ್ಟುಕೊಡಬೇಕು.

— ಕುಂಬಳೆಯಿಂದ

* * *

ಎಲ್ಲರಿಗೂ ಉಪಕಾರವಾಯಿತು. ಸುತ್ತುನೋಟ, ಕೂಡುಭಾಗ, ನೋಟಕೋನ, ಹೊಲಿಗೆ, ಸಾಲುಚಿತ್ರ: ಐದನ್ನೂ ತೆಗೆದುಕೊಂಡೆ. ‘ಅಂಚುಗಪ್ಪು’ ಚಂದವಿದೆ, ಆದರೆ ಆಟದ ಮೆನುವಿನಲ್ಲಿ ಮಕ್ಕಳು ಹುಡುಕಬೇಕಾದ್ದು ವಿನ್ಯೆಟ್ ಎಂಬ ಹೆಸರನ್ನು. ಆದ್ದರಿಂದ ಸೆಟ್ಟಿಂಗ್ಸ್‌ನಲ್ಲಿ ಬರುವ ಹೆಸರುಗಳನ್ನು ಇದ್ದಂತೆಯೇ ಇಡುತ್ತೇನೆ.

ಕೊನೆಯ ಎರಡು ಚಿತ್ರಗಳಿಗೆ ಕರಡಿನಲ್ಲಿ ‘ಖಮಧ್ಯ’, ‘ಅಧೋಬಿಂದು’ ಎಂದಿದೆ. ‘ನೆತ್ತಿ’, ‘ಕಾಲಡಿ’ ಎಂದು ಬದಲಿಸಲೆ?

— ಬದಿಯಡ್ಕದಿಂದ

* * *

ನೆತ್ತಿ ಆಗಲಿ. ಕಾಲಡಿ ಎಂದರೆ ಕೇರಳದ ಮಕ್ಕಳಿಗೆ ಶಂಕರಾಚಾರ್ಯರ ಊರು, ಮಾಷ್ಟ್ರೆ! ‘ಬುಡ’ ಎಂದಿಡಿ. ಬುಡದ ಚಿತ್ರದಲ್ಲಿ ಕೆಲವು ಆಟಗಳು ಪಾತ್ರದ ಪಾದವನ್ನೋ ಮೈಯ ನೆರಳನ್ನೋ ತೋರಿಸುತ್ತವೆ, ಅದನ್ನೂ ಮಾಸ್ಕ್ ಮಾಡಬೇಕೆಂದು ಅಲ್ಲೇ ಸೇರಿಸಿ.

— ಮಂಜೇಶ್ವರದಿಂದ