ಅಪ್‌ಡೇಟ್: ಐಟಿ ಸಪೋರ್ಟ್ ಬದಲಾಯಿಸಿದ್ವಿ, ಆಫೀಸ್ ಕೆಲಸ ನಿಲ್ಲಲಿಲ್ಲ
ಹಳೇ ಐಟಿ ಸಪೋರ್ಟ್‌ನವ್ರನ್ನ ಬಿಟ್ಟು ಹೊಸಬ್ರ ಹತ್ರ ಹೋಗ್ಬೇಕು, ಕೆಲಸ ನಿಲ್ದೇ ಹೆಂಗೆ ಅಂತ ಇಲ್ಲಿ ಕೇಳಿದ್ನಲ್ಲ, ಮುಗೀತು ನೋಡಿ. ನೀವು ಹೇಳ್ದಂಗೆ ನೋಟಿಸ್ ಕೊಡೋಕ್ ಮುಂಚೆನೇ ಪಾಸ್‌ವರ್ಡ್, ಲೈಸೆನ್ಸ್ ಲಿಸ್ಟ್ ಎಲ್ಲಾ ಇಸ್ಕೊಂಡೆ, ಆಗ್ಲೇ ಗೊತ್ತಾಗಿದ್ದು ನಮ್ ಡೊಮೇನ್ (ವೆಬ್‌ಸೈಟ್ ವಿಳಾಸದ ಹೆಸರು) ಹಳಬ್ರ ಇಮೇಲ್ ಐಡಿಲಿ ರಿಜಿಸ್ಟರ್ ಆಗಿದೆ ಅಂತ! ಅದನ್ನ ನಮ್ ಹೆಸರಿಗೆ ಮಾಡಿಸ್ಕೊಳ್ಳೋಕೇ 2 ವಾರ ಹಿಡೀತು, ಜಗಳ ಏನಿಲ್ಲ, ಇವತ್ತು ನಾಳೆ ಅಂತಿದ್ರು ಅಷ್ಟೇ. ಒಂದ್ ತಿಂಗಳು ಇಬ್ರನ್ನೂ ಇಟ್ಕೊಂಡ್ವಿ, ಡಬಲ್ ದುಡ್ಡು ಹೋಯ್ತು ಬಿಡಿ, ಆದ್ರೆ ಅದು ಒಳ್ಳೇದೇ ಆಯ್ತು, ಹೊಸಬ್ರು ಬ್ಯಾಕಪ್ (ಫೈಲ್‌ಗಳ ಇನ್ನೊಂದು ಕಾಪಿ) ರಿಸ್ಟೋರ್ ಮಾಡಿ ನೋಡಿದ್ರೆ ಅಕೌಂಟ್ಸ್ ಫೋಲ್ಡರ್ ಖಾಲಿ, ಎದೆ ಧಸಕ್ ಅಂತು. ಕೊನೇ ದಿನ ಅಡ್ಮಿನ್ ಪಾಸ್‌ವರ್ಡ್ ಬದಲಾಯಿಸಿ ಹಳಬ್ರು ದೂರದಿಂದ್ಲೇ ನಮ್ ಕಂಪ್ಯೂಟರ್ ನೋಡೋ ರಿಮೋಟ್ ಸಾಫ್ಟ್‌ವೇರೂ ತೆಗೆಸಿದ್ವಿ. ಓಟಿಪಿ ಬರೋ ನಂಬರ್ ಬದಲಾಯಿಸೋದೊಂದು ಮರ್ತಿದ್ದೆ, ಓಟಿಪಿ ಇನ್ನೂ ಹಳೇ ಸಪೋರ್ಟ್ ಹುಡುಗನ ಫೋನಿಗೇ ಹೋಗ್ತಿತ್ತು, ಪುಣ್ಯಕ್ಕೆ ಕಾಲ್ ಎತ್ತಿದ.